ಸಿಯಾಟಲ್‌ನ ಡಿಸ್ಕವರಿ ಪಾರ್ಕ್: ಅಪ್ಪ-ಅವ್ವನನ್ನು ಕರೆದೊಯ್ಯುವವರು ಮೊದಲು ಕೌಂಟರಿಗೆ ಹೋಗಿ

ಹುಬ್ಬಳ್ಳಿ-ಧಾರವಾಡದ ಅಪ್ಪ-ಅವ್ವಂದಿರು ಮಕ್ಕಳ ಮನೆಗೆಂದು ಸಿಯಾಟಲ್‌ಗೆ ಬರುವುದು ಹೆಚ್ಚಾಗಿ ಬೇಸಿಗೆಯಲ್ಲಿ. ನಮ್ಮಲ್ಲಿ ಜಿಟಿಜಿಟಿ ಮಳೆ ಹಿಡಿದಿರುವ ಜುಲೈ, ಅಲ್ಲಿ ವರ್ಷದಲ್ಲೇ ಅತಿ ಒಣ ತಿಂಗಳು. ಡಿಸ್ಕವರಿ ಪಾರ್ಕ್ ನೋಡಲು ಅದೇ ಸರಿಯಾದ ಹೊತ್ತು. ಇದು 534 ಎಕರೆಯ, ನಗರದ ಅತಿ ದೊಡ್ಡ ಪಾರ್ಕ್. ಆದರೆ ಉಣಕಲ್ ಕೆರೆಯ ಉದ್ಯಾನದಂತೆ ಇರಬಹುದು ಅಂದುಕೊಂಡು ಬರಬೇಡಿ. ಕಾರಂಜಿ ಇಲ್ಲ, ಗಿರ್ಮಿಟ್ ಗಾಡಿ ಇಲ್ಲ, ಒಳಗೆ ಒಂದು ಕಪ್ ಚಹಾ ಕೂಡ ಸಿಗುವುದಿಲ್ಲ. ಕಾಡು, ಹುಲ್ಲುಗಾವಲು, ಕಡಿದಾದ ದಂಡೆ, ಅದರ ಕೆಳಗೆ ಸಮುದ್ರ. ನೀರು, ಬುತ್ತಿ ಮನೆಯಿಂದಲೇ ಕಟ್ಟಿಕೊಳ್ಳಿ.

ಹೆಚ್ಚಿನವರು ಮ್ಯಾಪ್‌ನಲ್ಲಿ ಬೀಚಿನ ದೀಪಸ್ತಂಭ (ಲೈಟ್‌ಹೌಸ್) ನೋಡಿ ನೇರ ಅಲ್ಲಿಗೇ ಕಾರು ತಿರುಗಿಸುತ್ತಾರೆ. ಕೆಡುವುದು ಅಲ್ಲೇ. ಬೀಚಿಗೆ ಇಳಿಯುವ ರಸ್ತೆಯ ತುದಿಯಲ್ಲಿ ಪರ್ಮಿಟ್ ಇಲ್ಲದೆ ಕಾರು ನಿಲ್ಲಿಸುವಂತಿಲ್ಲ. ಪರ್ಮಿಟ್ ಸಿಗುವುದು ಪೂರ್ವದ ಗೇಟಿನ ಬಳಿ ಇರುವ ವಿಸಿಟರ್ ಸೆಂಟರ್‌ನಲ್ಲಿ, ಅದೂ 62 ವರ್ಷ ದಾಟಿದವರು, 5 ವರ್ಷದೊಳಗಿನ ಮಕ್ಕಳು ಅಥವಾ ಅಂಗವೈಕಲ್ಯ ಇರುವವರು ಜೊತೆಗಿದ್ದರೆ. ಊರಿನಿಂದ ಬಂದ ಹಿರಿಯರ ಮಟ್ಟಿಗೆ ಇದಕ್ಕಿಂತ ಉಪಯೋಗದ ಮಾಹಿತಿ ಈ ಪಾರ್ಕಿನಲ್ಲಿ ಇನ್ನೊಂದಿಲ್ಲ. ಪರ್ಮಿಟ್‌ಗಳ ಸಂಖ್ಯೆ ಕಡಿಮೆ, ಬಿಸಿಲಿನ ಶನಿವಾರ-ಭಾನುವಾರ ಬೇಗ ಮುಗಿದುಹೋಗುತ್ತವೆ. ವಾರದ ನಡುವೆ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ವಯಸ್ಸು ತೋರಿಸಲು ಪಾಸ್‌ಪೋರ್ಟಿನ ಪ್ರತಿ ಜೇಬಿನಲ್ಲಿರಲಿ. ಸೆಂಟರ್ ತೆರೆಯುವ ದಿನ, ಸಮಯ ಬದಲಾಗುತ್ತಿರುತ್ತದೆ, ಹಿಂದಿನ ರಾತ್ರಿಯೇ ನಗರದ ಪಾರ್ಕ್ಸ್ ಇಲಾಖೆಯ ಪುಟದಲ್ಲಿ ನೋಡಿಕೊಳ್ಳಿ. ಕಾರಿಲ್ಲದವರಿಗೆ ಡೌನ್‌ಟೌನ್‌ನಿಂದ 33ನೇ ನಂಬರಿನ ಬಸ್ ಇದೆ. 18 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಅದರಲ್ಲಿ ಪ್ರಯಾಣ ಉಚಿತ.

ವಿಸಿಟರ್ ಸೆಂಟರ್ ಒಳಗೆ ಹೋದರೆ ಕಾಗದದ ನಕ್ಷೆ ಕೇಳಿ ತೆಗೆದುಕೊಳ್ಳಿ. ಶೌಚಾಲಯಕ್ಕೂ ಇಲ್ಲೇ ಹೋಗಿಬನ್ನಿ, ಮುಂದೆ ಹತ್ತಿರದಲ್ಲಿ ಸಿಗುತ್ತದೆಂಬ ಭರವಸೆ ಬೇಡ. ಕೌಂಟರಿನಲ್ಲಿರುವವರಿಗೆ ಕೇಳಬೇಕಾದ ಪ್ರಶ್ನೆ ಎರಡೇ: ಇವತ್ತು ಯಾವ ದಾರಿ ಮುಚ್ಚಿದೆ, ಸಮುದ್ರದ ಇಳಿತ ಎಷ್ಟು ಗಂಟೆಗೆ?

ಪರ್ಮಿಟ್ ಸಿಗದಿದ್ದರೆ ಬೇಸರ ಬೇಡ. ಕಾರನ್ನು ದಕ್ಷಿಣದ ಪಾರ್ಕಿಂಗಿಗೆ ಒಯ್ಯಿರಿ. ಅಲ್ಲಿಂದ ಹುಲ್ಲುಗಾವಲು ದಾಟಿ ದಂಡೆಯ ಮೇಲೆ ನಿಂತರೆ ಎದುರಿಗೆ ಒಲಿಂಪಿಕ್ ಪರ್ವತಸಾಲು, ಆಕಾಶ ತಿಳಿಯಾಗಿದ್ದರೆ ರೇನಿಯರ್ ಪರ್ವತ. ಮಂಡಿನೋವಿನವರಿಗೆ ಅಷ್ಟು ಸಾಕು. ಗಟ್ಟಿ ಕಾಲಿನವರಿಗೆ 2.8 ಮೈಲಿಯ, ಅಂದರೆ ನಾಲ್ಕೂವರೆ ಕಿಲೋಮೀಟರಿನ ಸುತ್ತುದಾರಿ ಇದೆ. ಜುಲೈ ಇದ್ದರೂ ದಂಡೆಯ ಮೇಲೆ ಗಾಳಿ ಕೊರೆಯುತ್ತದೆ, ಸ್ವೆಟರ್ ಬಿಟ್ಟುಬರಬೇಡಿ. ದಾರಿಯ ಅಂಚಿನಲ್ಲಿ ನೆಟಲ್ ಎಂಬ ಗಿಡ ಬೆಳೆದಿರುತ್ತದೆ, ನಮ್ಮ ತುರಚಿಯಂತೆಯೇ ಉರಿಸುತ್ತದೆ, ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ ನಡೆಯಿರಿ.

ಈ ನೆಲ ಮೊದಲು ಫೋರ್ಟ್ ಲಾಟನ್ ಎಂಬ ಸೈನ್ಯದ ನೆಲೆ. ಸೈನ್ಯ ಬಿಟ್ಟುಕೊಡುತ್ತಿದ್ದ ಜಾಗದಲ್ಲಿ ಪಾಲು ಕೇಳಿ 1970ರಲ್ಲಿ ಮೂಲನಿವಾಸಿಗಳು ಬರ್ನಿ ವೈಟ್‌ಬೇರ್ ಮುಂದಾಳುತನದಲ್ಲಿ ಒಳನುಗ್ಗಿದರು. 1973ರಲ್ಲಿ ಪಾರ್ಕ್ ಆಯಿತು, 1977ರಲ್ಲಿ ಅವರ ಡೇಬ್ರೇಕ್ ಸ್ಟಾರ್ ಸಾಂಸ್ಕೃತಿಕ ಕೇಂದ್ರ ಪಾರ್ಕಿನೊಳಗೇ ತೆರೆಯಿತು. ಅದನ್ನು ನೋಡದೆ ಬರುವುದು ಸರಿಯಲ್ಲ.

ಇನ್ನು ಸಮುದ್ರದ ಮಾತು. ಇಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ, ಎರಡೂ ಒಂದೇ ಅಳತೆಯವಲ್ಲ. ಭರತ-ಇಳಿತದ ಪಟ್ಟಿಯಲ್ಲಿ ಅಂಕಿ ಅಡಿಗಳಲ್ಲಿರುತ್ತದೆ, ಮೈನಸ್ ಗುರುತು ಇದ್ದರೆ ನೀರು ಬಹಳ ಹಿಂದೆ ಸರಿಯುತ್ತದೆ ಎಂದರ್ಥ. ಮೈನಸ್ 2 ಅಡಿಯ ದಿನ ಕಲ್ಲುಗಳ ನಡುವೆ ನಕ್ಷತ್ರಮೀನು, ಹೂವಿನಂತೆ ಕಾಣುವ ಅನಿಮೋನ್ ಎಂಬ ಜೀವಿ ಕಾಣಿಸುತ್ತವೆ. ಬೇಸಿಗೆಯಲ್ಲಿ ಇಂಥ ಇಳಿತ ಹಗಲಿಗೆ ಬರುತ್ತದೆ, ಚಳಿಗಾಲದಲ್ಲಿ ರಾತ್ರಿಗೆ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ನಿನ್ನೆ ಹೋಗಿಬಂದವರು ಹೇಳಿದ ಸಮಯ ಇವತ್ತಿಗೆ ಹೊಂದುವುದಿಲ್ಲ. ಇಳಿತಕ್ಕೆ ಒಂದು ಗಂಟೆ ಮೊದಲೇ ಕೆಳಗೆ ಬೀಚಿನಲ್ಲಿರಿ. ಕಲ್ಲು ಎತ್ತಿದರೆ ಮೆಲ್ಲಗೆ ಅದೇ ಮಗ್ಗುಲಿಗೆ ಇಡಿ, ಇಲ್ಲದಿದ್ದರೆ ಅಡಿಯಲ್ಲಿರುವ ಜೀವಿಗಳು ಬಿಸಿಲಿಗೆ ಒಣಗಿ ಸಾಯುತ್ತವೆ. ಮೊಮ್ಮಕ್ಕಳು ಎಷ್ಟು ಹಟ ಹಿಡಿದರೂ ಚಿಪ್ಪು ತರುವಂತಿಲ್ಲ, ಈ ಕಡಲಂಚು ಸಂರಕ್ಷಿತ.

ಬೀಚಿಗೆ ನಡೆದು ಇಳಿದವರು ಹತ್ತುವ ಲೆಕ್ಕವನ್ನೂ ಹಾಕಿರಬೇಕು. ಇಳಿಯುವಾಗ ಹಗುರ ಅನಿಸಿದ ಮೆಟ್ಟಿಲುದಾರಿ ವಾಪಸಾಗುವಾಗ ಏದುಸಿರು ಬರಿಸುತ್ತದೆ. ಇಳಿದಿದ್ದಕ್ಕೆ ಎರಡರಷ್ಟು ಸಮಯ ಹತ್ತುವುದಕ್ಕೆ ಇಟ್ಟುಕೊಳ್ಳಿ, ಬುತ್ತಿಯನ್ನು ಹತ್ತುವ ಮೊದಲು ಬಿಚ್ಚಬೇಡಿ, ಮೇಲೆ ಬಂದ ಮೇಲೆ ಹುಲ್ಲುಗಾವಲಿನಲ್ಲಿ ಕುಳಿತು ಉಣ್ಣಿ.