ಗ್ರೀಕ್ ನಾಟಕದಲ್ಲಿ ಈ ಮೇಳದವರು ಯಾಕೆ?

ಗ್ರೀಕ್ ನಾಟಕ ಹೊಸದಾಗಿ ಓದುವವರೆಲ್ಲ ನನ್ನನ್ನು ಕೇಳುವುದು ಒಂದೇ. "ಕಥೆ ಚೆನ್ನಾಗಿ ಹೋಗ್ತಿರುವಾಗ ಮೇಳದವರು ಯಾಕೆ ಅಡ್ಡ ಬಂದು ಹಾಡ್ತಾರೆ? ಆ ಹಾಡುಗಳನ್ನು ಬಿಟ್ಟು ಓದಿದರೆ ಆಗಲ್ವಾ?"

ಬಿಡಬೇಡಿ ಅನ್ನುತ್ತೇನೆ. ಮೇಳ ಅಂದರೆ ಒಟ್ಟಾಗಿ ಹಾಡಿ ಕುಣಿಯುವ ಗುಂಪು, ಇಂಗ್ಲಿಷಿನ ಕೋರಸ್. ಮೊದಲು ಇದ್ದದ್ದೇ ಅದು. ನಾಟಕ ಹುಟ್ಟಿದ್ದು ಅದರ ಹೊಟ್ಟೆಯಲ್ಲಿ.

ಡಯೊನೈಸಸ್ ದ್ರಾಕ್ಷಾರಸದ ದೇವರು. ಅವನ ಹೆಸರಲ್ಲಿ ಜನ ಗುಂಪಾಗಿ ಕುಣಿಯುತ್ತಾ ಹಾಡುತ್ತಿದ್ದರು. ಆ ಹಾಡಿಗೆ ಡಿಥಿರಾಂಬ್ ಅಂತ ಹೆಸರು. ಅದನ್ನು ಹೇಳಿಕೊಡುತ್ತಿದ್ದ ಮುಂದಾಳುಗಳಿಂದಲೇ ಟ್ರ್ಯಾಜಿಡಿ, ಅಂದರೆ ದುರಂತ ನಾಟಕ, ಬೆಳೆಯಿತು ಅಂತ ಅರಿಸ್ಟಾಟಲ್ ಬರೆದಿದ್ದಾನೆ. ಕ್ರಿ.ಪೂ. 534ರ ಸುಮಾರಿಗೆ ಅಥೆನ್ಸ್‌ನಲ್ಲಿ ಥೆಸ್ಪಿಸ್ ಎಂಬವನು ಗುಂಪಿನಿಂದ ಬೇರೆ ನಿಂತು, ಪಾತ್ರವಾಗಿ ಮಾತಾಡಿದ ಅನ್ನುತ್ತಾರೆ. ಎರಡನೇ ನಟನನ್ನು ತಂದವನು ನಾಟಕಕಾರ ಈಸ್ಕಿಲಸ್, ಮೂರನೆಯವನನ್ನು ಇನ್ನೊಬ್ಬ ನಾಟಕಕಾರ ಸೊಫೋಕ್ಲಿಸ್. ನಟರು ಜಾಸ್ತಿಯಾದ ಹಾಗೆ ಮೇಳದ ಪಾಲು ಕಡಿಮೆಯಾಗುತ್ತಾ ಬಂತು.

ಆದರೂ ನಡುವಿನ ಜಾಗ ಮೇಳದ್ದೇ. ನಾಟಕ ನೋಡಲು ಜನ ಅಥೆನ್ಸ್‌ನ ಅಕ್ರೊಪೊಲಿಸ್ ಗುಡ್ಡದ ಇಳಿಜಾರಿನಲ್ಲಿ ಕೂರುತ್ತಿದ್ದರು. ಕೆಳಗೆ ಮೇಳ ಕುಣಿಯುವ ಬಯಲಿಗೆ ಆರ್ಕೆಸ್ಟ್ರಾ ಅನ್ನುತ್ತಿದ್ದರು. ಗಣೇಶನ ಹಬ್ಬಕ್ಕೆ ಬೀದಿಯಲ್ಲಿ ಆರ್ಕೆಸ್ಟ್ರಾ ಇಡಿಸುತ್ತೇವಲ್ಲ, ಅದೇ ಪದ. ಆಗ ಅದಕ್ಕೆ ಕುಣಿಯುವ ಜಾಗ ಅಂತ ಅರ್ಥ.

ಈಸ್ಕಿಲಸ್‌ನ 'ಪರ್ಷಿಯನ್ನರು' ನೋಡಿ. ಕ್ರಿ.ಪೂ. 472ರದ್ದು, ಪೂರ್ತಿಯಾಗಿ ಉಳಿದಿರುವ ಗ್ರೀಕ್ ನಾಟಕಗಳಲ್ಲಿ ಎಲ್ಲಕ್ಕಿಂತ ಹಳೆಯದು. ಬಿ.ಎಂ.ಶ್ರೀ ಇದನ್ನು 'ಪಾರಸಿಕರು' ಎಂದು ಕನ್ನಡಕ್ಕೆ ತಂದರು. ಸಲಾಮಿಸ್‌ನ ಕಡಲಿನಲ್ಲಿ ಪರ್ಷಿಯನ್ನರು ಗ್ರೀಕರಿಗೆ ಸೋತು ಆಗ ಎಂಟೇ ವರ್ಷ. ಇಲ್ಲಿ ಮೇಳದವರು ಪರ್ಷಿಯಾದ ಹಿರಿಯರು. ಸೋಲಿನ ಸುದ್ದಿ ಹೊತ್ತು ದೂತ ಬರುತ್ತಾನೆ. ರಾಜಮಾತೆ ಅಲ್ಲೇ ನಿಂತಿದ್ದಾಳೆ. ದಂಡು ಕಟ್ಟಿಕೊಂಡು ಹೋದ ದೊರೆ ಅವಳ ಮಗ. ಆದರೂ ದೂತ ಮೊದಲು ಮಾತಾಡುವುದು ಮೇಳದ ಜೊತೆ. ಅವನು ಒಂದೊಂದೇ ಹೇಳುತ್ತಾನೆ, ಅವರು ಗೋಳಾಡುತ್ತಾರೆ. ಅಷ್ಟು ಹೊತ್ತೂ ಅವಳು ಸುಮ್ನೆ ನಿಂತಿರುತ್ತಾಳೆ. ಕೊನೆಗೆ ಬಾಯಿ ಬಿಟ್ಟು, ಸಾಯದೆ ಉಳಿದವರು ಯಾರು ಅಂತ ಕೇಳುತ್ತಾಳೆ. ಮಗನ ಹೆಸರು ಎತ್ತುವುದಿಲ್ಲ. ದೂತನಿಗೆ ಅರ್ಥವಾಗುತ್ತದೆ. ದೊರೆ ಬದುಕಿದ್ದಾನೆ ಅನ್ನುತ್ತಾನೆ. ಇಷ್ಟು ಹೊತ್ತಿನ ಆ ಗೋಳು ಇಲ್ಲದಿದ್ದರೆ ಅವಳ ಮೌನ ನಮಗೆ ಕೇಳಿಸುತ್ತಿತ್ತಾ?

ನಾಟಕದ ಕೊನೆಗೆ ದೊರೆ ಕ್ಸರ್ಕ್ಸಿಸ್ ಹರಿದ ಬಟ್ಟೆಯಲ್ಲಿ ಬರುತ್ತಾನೆ. ಉಳಿದದ್ದು ಇಷ್ಟೇ ಎಂದು ಬತ್ತಳಿಕೆ ತೋರಿಸುತ್ತಾನೆ. ಅಳಿ ಅನ್ನುತ್ತಾನೆ, ಮೇಳದವರು ಅಳುತ್ತಾರೆ. ಆ ಭಾಗವನ್ನು ಮೇಳ ಬಿಟ್ಟು ಓದಿ ನೋಡಿ. ಬತ್ತಳಿಕೆ ತೋರಿಸುವುದಕ್ಕೆ ಅವನ ಎದುರಿಗೆ ಯಾರೂ ಇರುವುದಿಲ್ಲ.