ಜೆಲ್ಲಿಯೊಳಗಿನ ಮಣಿ ಕೊನೆಗೂ ಅಲುಗಿತು

ಮುಟ್ಟದೆ, ಬರೀ ಶಬ್ದದಿಂದ ಜೆಲ್ಲಿಯೊಳಗಿನ ಮಣಿಯನ್ನು ತಳ್ಳೋದು ನನ್ನ ಪ್ರಯೋಗ. ಇದು ಹದಿನೇಳನೇ ಜೆಲ್ಲಿ. ನಿನ್ನೆ ರಾತ್ರಿ ಮಣಿ ಅಲುಗಿತು. ಎಷ್ಟು ಅಂತೀರಾ? ಮೊಬೈಲಿನ ಮ್ಯಾಕ್ರೋ ಲೆನ್ಸಿನಲ್ಲಿ ಆರೇಳು ಪಿಕ್ಸೆಲ್, ಅಂದಾಜು 30 ಮೈಕ್ರೋಮೀಟರ್. ಅಷ್ಟಕ್ಕೇ ಕುಣಿದುಬಿಟ್ಟೆ.

ಸೆಟಪ್ ಹಳೆಯದೇ: ಮಂಜು ಎಬ್ಬಿಸೋ 20 ಮಿ.ಮೀ. ಪೀಝೋ ಬಿಲ್ಲೆ (ಕರೆಂಟು ಕೊಟ್ಟರೆ ನಡುಗಿ ಕಿವಿಗೆ ಕೇಳದ ಶಬ್ದ ಹೊರಡಿಸೋದು), 1.7 ಮೆಗಾಹರ್ಟ್ಸ್, ಅಂದ್ರೆ ಸೆಕೆಂಡಿಗೆ 17 ಲಕ್ಷ ನಡುಕ, ಅದರ ಮೇಲೆ ಜೆಲ್ಲಿ, ಒಳಗೆ ಬಳೆ ಅಂಗಡಿಯ 2 ಮಿ.ಮೀ. ಗಾಜಿನ ಮಣಿ. ಬಿಲ್ಲೆ ಕಳಿಸಿದ ಪುಣ್ಯಾತ್ಮ ಮೊದಲು ತಪ್ಪಾಗಿ 113 ಕಿಲೋಹರ್ಟ್ಸಿನ ಜಾಲರಿ ಬಿಲ್ಲೆ ಕಳಿಸಿದ್ದ. ಕೇಳಿದ್ರೆ, "ಎರಡೂ ಮಂಜು ಬಿಡ್ತಾವ್ರಿ ಸರ್" ಅಂದ.

ಜೆಲಟಿನ್ ಅಂತೂ ರಾಯಚೂರಿನ ಏಪ್ರಿಲ್‌ನಲ್ಲಿ ಮಧ್ಯಾಹ್ನಕ್ಕೆಲ್ಲ ಪಾನಕ. ಹಂಗಾಗಿ ಚೀನಾ ಗ್ರಾಸ್, ಅಂದ್ರೆ ಕಡಲಪಾಚಿಯಿಂದ ಮಾಡೋ ಅಗರ್. ಅದು ಕರಗೋಕೆ 85 ಡಿಗ್ರಿ ಬೇಕು, ನಮ್ಮ ಬಿಸಿಲಿಗೂ ಜಗ್ಗಲ್ಲ.

ಹನ್ನೆರಡನೇ ಜೆಲ್ಲಿಯಲ್ಲಿ ಮಣಿ ನಿಧಾನಕ್ಕೆ ಸರಿದಿತ್ತು, ಗೆಳೆಯರಿಗೆಲ್ಲ ಫೋನ್ ಹಚ್ಚಿ ಹೇಳಿದ್ದೆ. ಮಾನ ಹೋಯ್ತು. ಬಿಲ್ಲೆ ಬಿಸಿಯಾಗಿ ಜೆಲ್ಲಿ ಹಿಗ್ಗಿತ್ತು, ಅಷ್ಟೇ. ಸ್ವಿಚ್ ಆರಿಸಿದ ಮೇಲೂ ಮಣಿ ವಾಪಸ್ ಬರೋಕೆ ಎರಡು ನಿಮಿಷ ತಗೊಂಡಾಗಲೇ ನನಗೆ ಹೊಳೀಬೇಕಿತ್ತು. ಶಾಖ ಸೋಮಾರಿ, ಶಬ್ದದ ತಳ್ಳಾಟ ಹಂಗಲ್ಲ. ಆರ್ಡುಯಿನೋ ಅನ್ನೋ ಪುಟ್ಟ ಕಂಟ್ರೋಲ್ ಬೋರ್ಡಿಗೆ ಬಿಲ್ಲೆಯನ್ನು ಒಂದು ಸೆಕೆಂಡ್ ಆನ್, ಒಂದು ಸೆಕೆಂಡ್ ಆಫ್ ಮಾಡೋ ಪ್ರೋಗ್ರಾಮ್ ಬರೆದೆ. ಮಣಿ ಕದಲಲೇ ಇಲ್ಲ.

ಆಮೇಲೆ ಲೆಕ್ಕಕ್ಕೆ ಕೂತೆ. ಒಂದು ವ್ಯಾಟ್ ಶಬ್ದವನ್ನು ಪೂರ್ತಿ ನುಂಗಿದ ವಸ್ತುವಿನ ಮೇಲೆ ಬೀಳೋ ಬಲ 0.67 ಮಿಲಿನ್ಯೂಟನ್. 10 ವ್ಯಾಟ್ ಹೊರಟರೂ ಮಣಿಯ ಪಾಲಿಗೆ ನೂರರಲ್ಲೊಂದು, ಅಂದ್ರೆ ಸೋನಾ ಮಸೂರಿ ಅರ್ಧ ಕಾಳಿನ ಭಾರ! ಜೆಲ್ಲಿಯೋ ಸ್ಪ್ರಿಂಗ್ ಇದ್ದಂಗೆ. ನಾನು ಹಾಕ್ತಿದ್ದ ಶೇ. 1 ಚೀನಾ ಗ್ರಾಸಿನ ಹದದಲ್ಲಿ ಮಣಿ ಒಂದು ಮೈಕ್ರೋಮೀಟರ್ ಸರಿದರೆ ಹೆಚ್ಚು. ಶೇ. 0.2ಕ್ಕೆ ಇಳಿಸಿದೆ. ನೀರು ಚೆನ್ನಾಗಿ ಕುದಿಸಿ ಗಾಳಿ ಬಿಡಿಸಿದೆ, ಯಾಕಂದ್ರೆ ಗುಳ್ಳೆಗಳು ಶಬ್ದವನ್ನು ಅಲ್ಲೇ ತಡೀತಾವೆ. ಈಗ ಆನ್ ಅಂದ್ರೆ ಮೇಲೆ, ಆಫ್ ಅಂದ್ರೆ ಕೆಳಗೆ, ತಕ್ಷಣ.

2020ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಜೀವಂತ ಹಂದಿಯ ಮೂತ್ರಕೋಶದೊಳಗೆ 3 ಮಿ.ಮೀ. ಗಾಜಿನ ಗುಂಡನ್ನು ಹೊರಗಿಂದಲೇ ಬೇಕಾದ ದಾರಿಯಲ್ಲಿ ಓಡಾಡಿಸಿದ್ರು. ಅವರ ಹತ್ರ 256 ಬಿಲ್ಲೆ, ನನ್ನ ಹತ್ರ ಒಂದು. ಮೇಲಾಗಿ ಅವರ ಗುಂಡು ದ್ರವದಲ್ಲಿತ್ತು, ಹಿಂದಕ್ಕೆ ಎಳೆಯೋ ಸ್ಪ್ರಿಂಗ್ ಇರಲಿಲ್ಲ. ಈ ಸುದ್ದಿ ಕೇಳಿ ಕಿಡ್ನಿ ಕಲ್ಲಿನ ನಮ್ಮ ಮಾಮಾ ಅಂಗಿ ಎತ್ತಿಕೊಂಡು ಬಂದಿದ್ದ. ಡಾಕ್ಟರ್ ಹತ್ರ ಓಡಿಸಿದೆ.

ಮುಂದಿನದು ಶಬ್ದದಿಂದಲೇ ಗಾಳಿಯಲ್ಲಿ ಥರ್ಮಾಕೋಲ್ ತೇಲಿಸೋದು, ಬಟ್ಟಲಿನಾಕಾರದಲ್ಲಿ ಜೋಡಿಸಿದ 40 ಕಿಲೋಹರ್ಟ್ಸಿನ 72 ಬಿಲ್ಲೆ. ಅಲ್ಲೂ ಬಿಸಿಲಿನ ಕಾಟ: ಕಾಳು ತೇಲಿ ನಿಲ್ಲೋ ಜಾಗಗಳ ನಡುವಿನ ಅಂತರ ಶಬ್ದದ ಅರ್ಧ ತರಂಗದಷ್ಟು; ಅದು 20 ಡಿಗ್ರಿಯಲ್ಲಿ 4.3 ಮಿ.ಮೀ., ನಮ್ಮ 42ಕ್ಕೆ ಹತ್ತಿರ ಹತ್ತಿರ 4.5. ಬಟ್ಟಲಿನ ಅಳತೆ ನಮ್ಮೂರ ಹವಾಕ್ಕೆ ಬೇರೆಯೇ ಹಾಕಬೇಕು. ಇರಲಿ, ಅದು ಮಳೆಗಾಲಕ್ಕೆ.

ಹದಿನೆಂಟನೇ ಜೆಲ್ಲಿಗೆ ಮಣಿ ಬದಲು ಸಾಸಿವೆ ಕಾಳು ಹಾಕಿ ಫ್ರಿಜ್ಜಿನಲ್ಲಿಟ್ಟೀನಿ. ಅವ್ವ ಬಾಗಿಲು ತೆಗೆದು ನೋಡಿ, "ಒಗ್ಗರಣಿ ಹಾಕೀದಿ, ಉಪ್ಪು ಹಾಕೀಯೇನೋ?" ಅಂದಳು.