ಗೋಪುರದಿಂದ ಬಂದ ಕೂಗು

ನಾವು ಹೊರಟಿದ್ದು ರೋಟೆನ್‌ಬುರ್ಗ್‌ಗೆ. ಜರ್ಮನಿಗೆ ಬಂದು ಆರು ವರ್ಷವಾದರೂ ಆ ಊರು ನೋಡಿರಲಿಲ್ಲ. ಬಾಡಿಗೆಗೆ ಒಂದು ಕ್ಯಾಂಪರ್ ವ್ಯಾನ್ ತೆಗೆದುಕೊಂಡು, ಫ್ಯೂಸೆನ್ ಕಡೆಯಿಂದ ‘ರೊಮ್ಯಾಂಟಿಕ್ ರೋಡ್’ ಅನ್ನುವ ಪ್ರವಾಸಿ ಮಾರ್ಗ ಹಿಡಿದು ಉತ್ತರಕ್ಕೆ ಬರುತ್ತಿದ್ದೆವು. ಸಂಜೆ ಮಳೆ ಜಾಸ್ತಿಯಾಯಿತು. ಮಗಳಿಗೆ ಹಸಿವು. ಸಿಕ್ಕಿದ ಊರಲ್ಲಿ ಇಳಿಯೋಣ ಅಂತ ನಿಲ್ಲಿಸಿದ್ದು ನೋರ್ಡ್ಲಿಂಗನ್‌ನಲ್ಲಿ. ಕೋಟೆ ಗೋಡೆಯ ಹೊರಗೇ ವ್ಯಾನಿಗೆ ಜಾಗ ಸಿಕ್ಕಿತು.

ವ್ಯಾನಿನಲ್ಲೇ ಚಿತ್ರಾನ್ನ ಕಲಸಿ ತಿಂದೆವು. ಮಳೆ ನಿಂತ ಮೇಲೆ ಸುಮ್ನೆ ಒಂದು ಸುತ್ತು ಹಾಕೋಣ ಅಂತ ಹೆಬ್ಬಾಗಿಲು ದಾಟಿದೆವು. ಒಳಗೆ ಕಲ್ಲುಹಾಸಿನ ಬೀದಿ, ಗೋಡೆಯ ಮೇಲೇ ಮರದ ತೊಲೆ ಕಾಣುವ ಹಳೆಯ ಮನೆಗಳು, ಕಡಿದಾದ ಹೆಂಚಿನ ಮಾಡು. ಸಂತ ಜಾರ್ಜ್ ಚರ್ಚಿನ ಎದುರು ನಿಂತಿದ್ದಾಗ ರಾತ್ರಿ ಹತ್ತು ಹೊಡೆಯಿತು. ಅಷ್ಟರಲ್ಲಿ ಆಕಾಶದಿಂದ ಯಾರೋ ರಾಗವಾಗಿ ಕೂಗಿದರು: ‘ಸೋ ಗ್ಸೆಲ್ ಸೋ!’ ನನಗೆ ಮೈ ಜುಮ್ಮೆಂದಿತು.

ನಾಯಿ ಜೊತೆ ಬಂದಿದ್ದ ಒಬ್ಬ ಹಿರಿಯರು ಕಥೆ ಹೇಳಿದರು. 1440ರಲ್ಲಿ ಕಾವಲುಗಾರರು ಶತ್ರುವಿನಿಂದ ಲಂಚ ತಿಂದು ಕೋಟೆ ಬಾಗಿಲಿಗೆ ಅಗುಳಿ ಹಾಕದೆ ಬಿಟ್ಟಿದ್ದರಂತೆ. ಹಂದಿಯೊಂದು ಬಾಗಿಲಿಗೆ ಮೈ ಉಜ್ಜಿದಾಗ ಅದು ತೆರೆದುಕೊಂಡಿತು. ನೋಡಿದ ನೇಕಾರನ ಹೆಂಡತಿ ಕೂಗಿದ್ದು ಈ ಮಾತು. ‘ಹೀಗೋ ಗೆಳೆಯಾ, ಹೀಗೋ!’ ಅಂತ ಹೇಳಬಹುದೇನೋ. ಇವತ್ತಿಗೂ ರಾತ್ರಿ ಹತ್ತರಿಂದ ಹನ್ನೆರಡರವರೆಗೆ, ಅರ್ಧ ಗಂಟೆಗೊಮ್ಮೆ, ಗೋಪುರದ ಕಾವಲುಗಾರರು ಇದನ್ನೇ ಕೂಗುತ್ತಾರೆ. ನಮ್ಮೂರಲ್ಲಿ ತಳವಾರರು ರಾತ್ರಿ ಸುತ್ತುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದದ್ದು ನೆನಪಾಯಿತು.

ಬೆಳಿಗ್ಗೆ ರೋಟೆನ್‌ಬುರ್ಗ್ ಮಾತೇ ಬರಲಿಲ್ಲ. 350 ಮೆಟ್ಟಿಲು ಹತ್ತಿ ಗೋಪುರದ ಮೇಲೆ ಹೋದೆವು. ಎತ್ತರ ಸುಮಾರು 90 ಮೀಟರ್. ಇದಕ್ಕೆ ಇಲ್ಲಿನವರು ‘ಡ್ಯಾನಿಯಲ್’ ಅಂತ ಮುದ್ದಾಗಿ ಹೆಸರಿಟ್ಟಿದ್ದಾರೆ. ಕೆಳಗೆ ದುಂಡನೆಯ ಕೋಟೆ, ಒಳಗೆಲ್ಲಾ ಕೆಂಪು ಹೆಂಚು. ದೂರದಲ್ಲಿ ಬಯಲನ್ನು ಸುತ್ತುವರಿದ ತಗ್ಗು ಗುಡ್ಡಗಳು. ಸುಮಾರು 1.5 ಕೋಟಿ ವರ್ಷಗಳ ಹಿಂದೆ ಉಲ್ಕೆ ಬಿದ್ದು ಆದ ಕುಳಿ ಅದು. ಊರು ಇರುವುದು ಅದರೊಳಗೆ! ಚರ್ಚು ಕಟ್ಟಿದ ಕಲ್ಲೂ ಆ ಹೊಡೆತದಲ್ಲೇ ಹುಟ್ಟಿದ್ದು. ಅದರೊಳಗೆ ಬರಿಗಣ್ಣಿಗೆ ಕಾಣದಷ್ಟು ಪುಟ್ಟ ವಜ್ರದ ಕಣಗಳಿವೆ. 1970ರಲ್ಲಿ ಅಪೊಲೊ ಗಗನಯಾನಿಗಳು ಚಂದ್ರನ ಕಲ್ಲು ಗುರುತಿಸುವ ಅಭ್ಯಾಸಕ್ಕೆ ಈ ಕುಳಿಗೇ ಬಂದಿದ್ದರು.

ಆದರೆ ನನ್ನ ಮನಸ್ಸು ನಿಂತಿದ್ದು ಕೋಟೆ ಗೋಡೆಯ ಮೇಲೆ. ಮಾಡು ಹೊದಿಸಿದ ಕಾಲುದಾರಿಯಲ್ಲಿ ಇಡೀ ಊರನ್ನು ಸುತ್ತಬಹುದು, 2.7 ಕಿಲೋಮೀಟರ್. ನಾನು ಚಿತ್ರದುರ್ಗದವಳು. ನನಗೆ ಕೋಟೆ ಅಂದರೆ ಬಂಡೆ, ಬತೇರಿ, ಗಾಳಿ. ಇಲ್ಲಿ ಗೋಡೆಗೇ ಒರಗಿದಂತೆ ಮನೆಗಳು. ಒಬ್ಬಾಕೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಇನ್ನೊಂದು ಕಿಟಕಿಯಲ್ಲಿ ಬೆಕ್ಕು ಮಲಗಿತ್ತು. ಕೋಟೆಯೊಳಗೆ ಇನ್ನೂ ಅಡುಗೆ ವಾಸನೆ ಬರುತ್ತದೆ ಅಂದರೆ ಎಷ್ಟು ಚೆಂದ, ಅಲ್ವಾ?

ಇನ್ನೊಂದು ರಾತ್ರಿ ಅಲ್ಲೇ ಉಳಿದೆವು. ಹತ್ತಾಗುವವರೆಗೂ ಮಗಳು ನಿದ್ದೆ ತಡೆದುಕೊಂಡು ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ದಳು. ಮೇಲಿನಿಂದ ಕೂಗು ಬಂದದ್ದೇ, ಎದ್ದು ನಿಂತು ತಾನೂ ಕೂಗಿದಳು: ‘ಸೋ ಗ್ಸೆಲ್ ಸೋ!’